ಮೊದಲು ಪಾಲು, ಆಮೇಲೆ ವಿಲ್: ಅಪ್ಪನ ಆಸ್ತಿಗೆ ನಾವು ಮಾಡಿದ ಏರ್ಪಾಡು

ಅಪ್ಪ ತೀರಿಕೊಂಡ ಮೇಲೆ, ಹೋದ ತಿಂಗಳು ಅವರ ಸೈಟು, ಮನೆ ಎರಡರ ಖಾತೆಯೂ ವಿಲ್ ಪ್ರಕಾರ ಬದಲಾಯಿತು. ಒಂದೂ ತಕರಾರು ಅರ್ಜಿ ಬೀಳಲಿಲ್ಲ. "ರಿಜಿಸ್ಟರ್ ಮಾಡಿಸಿದ್ರೂ ಕೋರ್ಟಿಗೆ ಹೋಗೇ ಹೋಗುತ್ತೆ, ನೋಡ್ತಿರು" ಎಂದಿದ್ದ ಚಿಕ್ಕಪ್ಪನೇ ಮೊನ್ನೆ ನಮ್ಮ ವಕೀಲರ ನಂಬರ್ ತೆಗೆದುಕೊಂಡರು.

ಈ ವಿಲ್ ನಮ್ಮ ಮೂರನೇ ಪ್ರಯತ್ನ. ಮೊದಲನೆಯದನ್ನು ಅಪ್ಪ ಬಿಳಿ ಹಾಳೆಯಲ್ಲಿ ಕೈಯಾರೆ ಬರೆದಿದ್ದರು. ಅದು ತಪ್ಪೇನಲ್ಲ. ಆದರೆ ಸಾಕ್ಷಿ ಹಾಕಿದ ಇಬ್ಬರೂ ಅಪ್ಪನಿಗಿಂತ ದೊಡ್ಡವರು, ನಾಲ್ಕೈದು ವರ್ಷದಲ್ಲಿ ಇಬ್ಬರೂ ತೀರಿಕೊಂಡರು, ಅಪ್ಪನ ಸಹಿ ಕಂಡಿದ್ದೇವೆ ಎನ್ನಲು ಯಾರೂ ಉಳಿಯಲಿಲ್ಲ. ಎರಡನೆಯದನ್ನು ಟೈಪಿಂಗ್ ಅಂಗಡಿಯಲ್ಲಿ ಎರಡು ಸಾವಿರ ಕೊಟ್ಟು ಮಾಡಿಸಿದೆ. ಅಷ್ಟರಲ್ಲಿ ಜಮೀನು ಪೋಡಿ ಆಗಿ, ಅಂದರೆ ಅಳೆದು ಭಾಗವಾಗಿ, ಹೊಸ ಹಿಸ್ಸಾ (ಭಾಗದ) ನಂಬರ್ ಬಂದಿತ್ತು, ವಿಲ್‌ನಲ್ಲಿ ಹಳೆಯದೇ ಉಳಿದಿತ್ತು. ಸಾಲದ್ದಕ್ಕೆ ತಾತನ ಕಾಲದ ತೆಂಗಿನ ತೋಟವನ್ನೂ ಅಪ್ಪನ ಸ್ವಯಾರ್ಜಿತ ಅಂತ ನಾನೇ ಬರೆಸಿಬಿಟ್ಟಿದ್ದೆ.

ಮೂರನೇ ಸಲ ವಕೀಲರ ಹತ್ತಿರ ಹೋದೆವು. ಅವರು ಪಹಣಿ, ಇಸಿ (ಋಣಭಾರ ಪತ್ರ) ಹರಡಿಕೊಂಡು ಕೂತರು. ತೋಟದ ಸಾಲಿನ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು, "ಇದರಲ್ಲಿ ತಂದೆಯವರ ಪಾಲೆಷ್ಟೋ ಅಷ್ಟಕ್ಕೆ ಮಾತ್ರ ವಿಲ್ ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ತಂಗಿಗೂ ಸಮಪಾಲು, ಅಲ್ವಾ?" ಎಂದರು.

ಹಾಗಾಗಿ ಮೊದಲು ತೋಟಕ್ಕೆ ವಿಭಾಗ ಪತ್ರ. ಅಪ್ಪ, ನಾನು, ತಮ್ಮ, ತಂಗಿ, ನಾಲ್ಕು ಪಾಲು. ತಂಗಿ ಕೈಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರೆ ಸಲೀಸು ಎಂದವರೇ ಎಲ್ಲ. ನಾನು ಒಪ್ಪಲಿಲ್ಲ. ಸರ್ವೆ, ನಕ್ಷೆ, ಸ್ಟ್ಯಾಂಪು, ವಕೀಲರ ಫೀಸು ಸೇರಿ ಅರವತ್ತು ಸಾವಿರದ ಹತ್ತಿರ ಹೋಯಿತು. ವಿಲ್‌ಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಅದಕ್ಕೆ ಫೀಸು, ಓಡಾಟ ಎಲ್ಲ ಸೇರಿ ಹದಿನಾಲ್ಕು ಸಾವಿರ ಇರಬಹುದು.

ನಡುವೆ ಟ್ರಸ್ಟ್ ಯೋಚನೆಯೂ ಬಂತು. ಸೈಟಿನ ಮಳಿಗೆ ಬಾಡಿಗೆ ಮೊಮ್ಮಕ್ಕಳ ಓದಿಗೆ ಹೋಗಲಿ ಅಂತ ಎಂಟು ಸಾವಿರ ಕೊಟ್ಟು ಕರಡು ಮಾಡಿಸಿದೆ. ಬೇರೆ ಪ್ಯಾನ್, ವರ್ಷವರ್ಷ ಲೆಕ್ಕ, ರಿಟರ್ನ್ ಅಂತ ಆಡಿಟರ್ ವಿವರಿಸಿದರು. ತಿಂಗಳಿಗೆ ಒಂಬತ್ತು ಸಾವಿರ ಬಾಡಿಗೆಗೆ ಅಷ್ಟೆಲ್ಲ ಬೇಡ ಅನ್ನಿಸಿ ಬಿಟ್ಟೆ. ತನ್ನನ್ನು ತಾನು ನೋಡಿಕೊಳ್ಳಲಾಗದ ಮಗು ಮನೆಯಲ್ಲಿದ್ದಿದ್ದರೆ ಖಂಡಿತ ಮಾಡುತ್ತಿದ್ದೆ.

ಎಲ್ಲರೂ ಅನುಮಾನಪಟ್ಟಿದ್ದು ಒಂದೇ ವಿಷಯಕ್ಕೆ. ರಿಜಿಸ್ಟರ್‌ಗೆ ಮುಂಚೆ ಕರಡನ್ನು ಮನೆಯವರ ಮುಂದೆ ಓದಬೇಕು ಎಂದೆ. ವಕೀಲರೂ ಹಿಂಜರಿದರು. ಗೌರಿ ಹಬ್ಬಕ್ಕೆ ತಂಗಿ ಬಂದಾಗ ಊಟ ಮುಗಿಸಿ ಅಪ್ಪನೇ ಕನ್ನಡಕ ಹಾಕಿಕೊಂಡು ಓದಿದರು. ಮಹಡಿಯ ವಿಷಯಕ್ಕೆ ತಮ್ಮ ಎದ್ದು ಹೋದ. ರಾತ್ರಿ ಅಪ್ಪನೂ ಅವನೂ ಜಗಲಿಯಲ್ಲಿ ಕೂತು ಮಾತಾಡಿದರು, ಆ ಒಂದು ಕಲಂ ಬದಲಾಯಿತು. ಇವತ್ತು ತಕರಾರು ಇಲ್ಲದ್ದಕ್ಕೆ ಆ ರಾತ್ರಿಯೇ ಕಾರಣ.

ಸಹಿಯ ದಿನ ಬೆಳಿಗ್ಗೆ ಡಾಕ್ಟರು ಅಪ್ಪನನ್ನು ನೋಡಿ, ಬುದ್ಧಿ ನೆಟ್ಟಗಿದೆ ಅಂತ ಸರ್ಟಿಫಿಕೇಟ್ ಕೊಟ್ಟರು, ಒಬ್ಬ ಸಾಕ್ಷಿಯೂ ಅವರೇ. ಇನ್ನೊಬ್ಬರು ನಲವತ್ತು ದಾಟದ ಪಕ್ಕದ ಮನೆಯವರು. ಒತ್ತಾಯದಿಂದ ಸಹಿ ಹಾಕಿಸಿದರು ಅಂತ ಯಾರೂ ಹೇಳಬಾರದು ಅಂತ, ಪಾಲು ಸಿಗುವ ನಾವು ಮೂವರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಒಳಗೆ ಕಾಲಿಡಲಿಲ್ಲ, ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದೆವು. ಎಫ್‌ಡಿಗೆ ನಾನೊಬ್ಬನೇ ನಾಮಿನಿ ಇದ್ದೆ. ನಾಮಿನಿ ಅಂದರೆ ಹಣ ಪಡೆಯುವವನು ಅಷ್ಟೇ, ಅದು ಮೂವರಿಗೂ ಸೇರಿದ್ದು ಅಂತ ಒಂದು ಸಾಲು ಬರೆಸಿದೆ. ಪ್ರತಿ ಪುಟದಲ್ಲೂ ಸಹಿಯ ಜೊತೆ ಅಪ್ಪನ ಕೈಲಿ ಇನ್ನೊಂದು ಗುರುತು ಹಾಕಿಸಿದ್ದೇವೆ. ಅದೇನೆಂದು ಇಲ್ಲಿ ಹೇಳುವುದಿಲ್ಲ.

ಈಗ ನನ್ನ ವಿಲ್‌ನ ಕರಡು ವಕೀಲರ ಹತ್ತಿರ ಇದೆ. ಈ ಸಲದ ಗೌರಿ ಹಬ್ಬಕ್ಕೆ ಮಕ್ಕಳ ಮುಂದೆ ಓದಬೇಕು.