ಎಡಕ್ಕೆ ಎಳೆಯುತ್ತಿದ್ದ ಸೈಡ್‌ಕಾರ್ ಬೈಕ್ ಸರಿಹೋಗಿದ್ದು ಹೀಗೆ

ನನ್ನ ಗಾಡಿಯ ಸೈಡ್‌ಕಾರ್, ಅಂದರೆ ಬೈಕಿನ ಪಕ್ಕಕ್ಕೆ ಜೋಡಿಸುವ ಒಂದು ಚಕ್ರದ ಆಸನ, ಎಡಗಡೆ ಇದೆ. ನೇರ ರಸ್ತೆಯಲ್ಲೂ ಹ್ಯಾಂಡಲ್ ಎಡಕ್ಕೇ ಎಳೆದು ರಟ್ಟೆ ನೋವು ಬರುತ್ತಿತ್ತು. ಸೈಡ್‌ಕಾರ್ ಟೈರಿನ ಮೇಲೆ ಅಡ್ಡಡ್ಡ ಕೈಯಾಡಿಸಿದರೆ ಒಂದು ಕಡೆಯಿಂದ ನುಣುಪು, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ತರಿತರಿ. ಚಕ್ರ ಓರೆಯಾಗಿ ಉಜ್ಜಿಕೊಂಡು ಹೋಗುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಗಾಳಿ, ಬೇರಿಂಗ್, ಬೋಲ್ಟು ಎಲ್ಲ ಸರಿಯಿತ್ತು. ಬೈಕಿನ ಎರಡು ಚಕ್ರಗಳಿಗೆ ತಾಗಿಸಿ ಒಂದು ನೇರ ಪಟ್ಟಿ, ಸೈಡ್‌ಕಾರ್ ಚಕ್ರಕ್ಕೆ ಇನ್ನೊಂದು ಪಟ್ಟಿ ಇಟ್ಟು ಹಿಂದೆ, ಮುಂದೆ ಅಂತರ ಅಳೆದೆ. ಮುಂದಿನ ಅಂತರ ಹಿಂದಿನದಕ್ಕಿಂತ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಕಡಿಮೆ ಇದ್ದರೆ ಸಾಕು; ಇಲ್ಲಿ ಆ ವ್ಯತ್ಯಾಸ ಎಷ್ಟೋ ಹೆಚ್ಚಿತ್ತು. ಸೈಡ್‌ಕಾರನ್ನು ಬೈಕಿಗೆ ಹಿಡಿದಿಡುವ ಕೆಳಗಿನ ಕ್ಲ್ಯಾಂಪ್ ಸಡಿಲಿಸಿ ಅದನ್ನು 15 ಮಿ.ಮೀ.ಗೆ ತಂದೆ. ಟೈರಿನ ಉಜ್ಜಾಟ ನಿಂತಿತು, ಎಳೆತ ಪೂರ್ತಿ ಹೋಗಲಿಲ್ಲ.

ಆಮೇಲೆ ಬೈಕನ್ನೂ ಸೈಡ್‌ಕಾರನ್ನೂ ಮೇಲ್ಗಡೆ ಜೋಡಿಸುವ ರಾಡನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತಾ, ಬೈಕ್ ಬಲಕ್ಕೆ ಸುಮಾರು 1 ಡಿಗ್ರಿ ವಾಲುವಂತೆ ಮಾಡಿದೆ. ಅಳೆಯುವಾಗ ಸವಾರ ಮೇಲೆ ಕೂತಿರಲೇಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಈಗ ಒಂದೇ ವೇಗದಲ್ಲಿ ಹೋಗುವಾಗ ಗಾಡಿ ನೇರ. ಆಕ್ಸಿಲರೇಟರ್ ಕೊಟ್ಟರೆ ತುಸು ಎಡಕ್ಕೆ, ಬ್ರೇಕ್ ಹಿಡಿದರೆ ಬಲಕ್ಕೆ ಈಗಲೂ ಹೋಗುತ್ತದೆ. ಸೈಡ್‌ಕಾರ್ ಚಕ್ರಕ್ಕೆ ಬ್ರೇಕ್ ಇಲ್ಲದ ಗಾಡಿಯ ಜಾತಿಗುಣ ಅದು.

ಹೊಸದಾಗಿ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಆ ರಾಡುಗಳ ಥ್ರೆಡ್ ತಿರುಗುತ್ತದೆಯೋ, ತುಕ್ಕು ಹಿಡಿದು ಕೂತಿದೆಯೋ ನೋಡಿ.