ಮೂಡುಗಾಳಿ ಬೀಸಿದರೆ ಟ್ಯಾಂಕಿಯ ನೀರು ಎಷ್ಟು ಇಳಿಯುತ್ತದೆ?

ನಮ್ಮ ತೋಟ ಕಾಸರಗೋಡಿನ ಬಾಯಾರು ಕಡೆ. ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಆದರೂ ಫೆಬ್ರವರಿ ಬಂತೆಂದರೆ ಅಡಿಕೆಗೆ ನೀರಿನ ಚಿಂತೆ ಶುರು. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಸಪೂರವಾಗಿ ಬರುವ ನೀರನ್ನು ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಹಾಳೆ ಹಾಸಿದ ಟ್ಯಾಂಕಿಯಲ್ಲಿ ತುಂಬಿಸಿಕೊಳ್ಳುತ್ತೇವೆ. ಹಾಳೆ ಇರುವುದರಿಂದ ನೀರು ಇಂಗುವುದಿಲ್ಲ. ಟ್ಯಾಂಕಿಗೆ ನೀರು ತರುವ ದಂಬೆಯನ್ನು (ಸೀಳಿದ ಅಡಿಕೆ ಮರದ ಕಾಲುವೆ) ಪಕ್ಕಕ್ಕೆ ತಿರುಗಿಸಿ, ಪಂಪ್ ನಿಲ್ಲಿಸಿದ ಮೇಲೂ ಮಟ್ಟ ಇಳಿದರೆ ಅದು ಆವಿಯಾಗಿ ಹೋದ ನೀರೇ. ಎಂಥಾ ಹವೆಗೆ ಎಷ್ಟು ಹೋಗುತ್ತದೆಂದು ಅಳೆಯಲು ಹೊರಟೆ.

ಗಾಳಿಗೆ ನೀರು ಅಲುಗುವಾಗ ಮಿಲಿಮೀಟರ್ ಓದುವುದು ಸುಲಭವಲ್ಲ. ಅದಕ್ಕೆ ಪಿವಿಸಿ ಪೈಪಿನ ತುಂಡಿಗೆ ತೂತು ಕೊರೆದು, ಬುಡವನ್ನು ಕಾಂಕ್ರೀಟಿನಲ್ಲಿ ಕೂರಿಸಿ, ಹಾಳೆ ಹರಿಯದಂತೆ ಅಡಿಗೆ ಹಳೆ ಗೋಣಿ ಇಟ್ಟು ದಡದ ಪಕ್ಕ ನಿಲ್ಲಿಸಿದೆ. ಪೈಪಿನೊಳಗೆ ಅಲೆ ಇರುವುದಿಲ್ಲ. ಸ್ಟೀಲ್ ಸ್ಕೇಲಿನ ತುದಿಗೆ ಮೇಲ್ಮುಖವಾಗಿ ಬಾಗಿದ ಚೂಪು ತಂತಿ ಕಟ್ಟಿ ನೀರೊಳಗೆ ಇಳಿಸುವುದು, ಆಮೇಲೆ ನಿಧಾನ ಎತ್ತುವುದು. ಮೊನೆ ತಾಗುತ್ತಿದ್ದ ಹಾಗೆ ನೀರಿನ ಮೈ ಸಾಸಿವೆ ಕಾಳಿನಷ್ಟು ಉಬ್ಬುತ್ತದೆ. ಅಲ್ಲಿಗೆ ನಿಲ್ಲಿಸಿ ಓದಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಬಕೆಟ್ಟಿನಲ್ಲಿ ನೀರಿಟ್ಟು ಅಳೆದರೆ ಸಾಲದೇ ಎಂದು ಕೇಳಿದವರಿದ್ದಾರೆ. ಸಾಲದು. ಸಣ್ಣ ಪಾತ್ರೆಯ ಬದಿಗಳೂ ಬಿಸಿಲಿಗೆ ಕಾಯುತ್ತವೆ, ನೀರು ಜಾಸ್ತಿ ಹೋಗುತ್ತದೆ. ಹವಾಮಾನ ಕೇಂದ್ರಗಳಲ್ಲಿರುವ ಆವಿಯಾಗುವ ನೀರನ್ನು ಅಳೆಯುವ 120.7 ಸೆಂ.ಮೀ. ಅಗಲದ ದುಂಡು ತಟ್ಟೆಯ ಲೆಕ್ಕವನ್ನೂ ಕೆರೆಗೆ ಅನ್ವಯಿಸುವಾಗ ಸುಮಾರು 0.7ರಿಂದ ಗುಣಿಸುತ್ತಾರೆ.

ನನಗೆ ಮುಖ್ಯ ಅನಿಸಿದ್ದು ರಾತ್ರಿಯ ಇಳಿತ. ಬಿಸಿಲಿಲ್ಲದಿದ್ದರೂ ನೀರು ಹೋಗುತ್ತದೆ! ಹಗಲು ಕಾದ ನೀರು ರಾತ್ರಿ ಬೇಗ ತಣಿಯುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಜಾವ ಘಟ್ಟದ ಕಡೆಯಿಂದ ಒಣ ಮೂಡುಗಾಳಿ ಬೀಸುತ್ತದಲ್ವಾ, ಆಗ ನಮಗೆ ಚಳಿ, ಟ್ಯಾಂಕಿಯ ನೀರು ಮಾತ್ರ ಉಗುರುಬೆಚ್ಚಗೆ. ನೀರಿನ ಮೇಲೆ ನಿಂತ ತೇವದ ಗಾಳಿಯನ್ನು ಮೂಡುಗಾಳಿ ಎಳೆದೊಯ್ದು ಒಣಗಾಳಿ ತಂದು ಹಾಕುತ್ತದೆ. ನೀರಿನ ಮೈಯ ಆವಿಯ ಒತ್ತಡಕ್ಕೂ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಎಷ್ಟು ಅಂತರವೋ ಅಷ್ಟು ಜೋರಾಗಿ ನೀರು ಹಾರುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ 1802ರಲ್ಲೇ ಇದನ್ನು ಹೇಳಿದ್ದ. ಮೇ ಕೊನೆಯ ಮೋಡ ಕವಿದ ಸೆಖೆಯಲ್ಲಿ ಇದರ ಉಲ್ಟಾ. ಗಾಳಿ ತೇವದಿಂದ ತುಂಬಿರುತ್ತದೆ. ಮೈಯ ಬೆವರೇ ಆರುವುದಿಲ್ಲ, ಟ್ಯಾಂಕಿಯ ನೀರು ಎಲ್ಲಿಂದ ಆರಬೇಕು? ಹಾಗಂತ ಬಿಸಿಲು ಲೆಕ್ಕಕ್ಕಿಲ್ಲ ಎಂದಲ್ಲ, ನೀರನ್ನು ಕಾಯಿಸುವುದು ಅದೇ. ಬರೀ ಸೆಖೆ ನೋಡಿ ಅಂದಾಜು ಮಾಡಬಾರದು, ಅಷ್ಟೇ.

200 ಚದರ ಮೀಟರ್ ಮೈಯ ಟ್ಯಾಂಕಿಯಲ್ಲಿ 5 ಮಿ.ಮೀ. ಇಳಿದರೆ 1000 ಲೀಟರ್ ಹೋಯಿತು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಹಿಡಿದರೂ 50 ಅಡಿಕೆ ಮರಗಳ ಪಾಲು ಅದು. ಸಂಕಟ ಆಗುವುದಿಲ್ವಾ?

ಮೂಡು ದಿಕ್ಕಿನ ದಂಡೆಗೆ ಶೇಡ್‌ನೆಟ್ಟನ್ನು ಗೋಡೆಯ ಹಾಗೆ ಎತ್ತಿ ಕಟ್ಟಿದ್ದೇನೆ. ಅದರಾಚೆ ಗ್ಲಿರಿಸಿಡಿಯಾ ಎಂಬ ಗೊಬ್ಬರದ ಗಿಡದ ಸಾಲು. ತೀರಾ ಹತ್ತಿರ ನೆಟ್ಟರೆ ಎಲೆ ಬಿದ್ದು ನೀರು ಕೊಳೆಯುತ್ತದೆ, ಸ್ವಲ್ಪ ದೂರವೇ ಇರಲಿ. ಗಾಳಿಯ ದಿನಗಳ ಇಳಿತ ಕಡಿಮೆಯಾಗಿದೆ. ಇನ್ನೊಂದು ಬದಲಾವಣೆಗೆ ಖರ್ಚೇ ಇಲ್ಲ. ನಮ್ಮಲ್ಲಿ ಎರಡು ಟ್ಯಾಂಕಿ, ಒಂದು ಅಗಲ, ಇನ್ನೊಂದು ಕಿರಿದು ಆದರೆ ಆಳ. ಆವಿ ಹೋಗುವುದು ಮೇಲ್ಮೈಯಿಂದ ತಾನೇ? ಹಾಗಾಗಿ ಜನವರಿಯಿಂದಲೇ ಅಗಲದ್ದನ್ನು ಮೊದಲು ಖಾಲಿ ಮಾಡಿ, ಆಳದ್ದನ್ನು ಏಪ್ರಿಲ್‌ಗೆ ಉಳಿಸಿಕೊಳ್ಳುತ್ತೇವೆ.