ಹಗುರ ಗಾಡಿಗೆ ಸಣ್ಣ ಆಫ್-ರೋಡ್ ಕ್ಯಾಂಪಿಂಗ್ ಟ್ರೇಲರ್: ಕೊಳ್ಳುವ ಮುನ್ನ

ಮಾರುತಿ ಜಿಮ್ನಿಯಂಥ ಸಣ್ಣ ಆಫ್-ರೋಡ್ ಗಾಡಿಯ ತೂಕವೇ ಸುಮಾರು 1,200 ಕಿಲೋ. ಅದರ ಹಿಂದಿನ ಟ್ರೇಲರ್ ಸಾಮಾನು ತುಂಬಿದ ಮೇಲೂ 400 ಕಿಲೋ ದಾಟದಿರಲಿ. ಮೊದಲು ಗಾಡಿಯ ಕೈಪಿಡಿ ನೋಡಿ. ಟ್ರೇಲರ್ ಎಳೆಯಬೇಡಿ ಎಂದಿದ್ದರೆ ಆಸೆ ಅಲ್ಲಿಗೇ ಬಿಡಿ. ಮಾರುವವರು ಹೇಳುವುದು ಖಾಲಿ ತೂಕ ಎಂಬುದೂ ನೆನಪಿರಲಿ: 60 ಲೀಟರ್ ನೀರೇ 60 ಕಿಲೋ.

ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಬೀಳುವ ಭಾರ ಟ್ರೇಲರಿನ ಒಟ್ಟು ತೂಕದ ಶೇ 10ರ ಆಸುಪಾಸಿರಬೇಕು. ಮನೆಯ ತೂಕದ ಯಂತ್ರದ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ, ಟ್ರೇಲರ್ ಮಟ್ಟವಾಗಿರುವಂತೆ ಕೊಂಡಿಯನ್ನು ಅದರ ಮೇಲಿಟ್ಟು ಅಳೆಯಿರಿ. 40 ಕಿಲೋ ಬರಬೇಕಾದಲ್ಲಿ 15 ಬಂದರೆ ನಂದಿ ಬೆಟ್ಟದ ಇಳಿಜಾರಿನಲ್ಲಿ ಟ್ರೇಲರ್ ಬಾಲದಂತೆ ತೂಗಾಡುತ್ತದೆ. ತೀರಾ ಹೆಚ್ಚಾದರೆ ಗಾಡಿಯ ಮೂತಿ ಎದ್ದು ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ನೀರಿನ ಟ್ಯಾಂಕ್ ಚಕ್ರಗಳ ಅಚ್ಚಿನ ಮೇಲೆ ಅಥವಾ ತುಸು ಮುಂದೆ ಇರುವುದನ್ನೇ ಆರಿಸಿ.

ಟೈರ್, ಚಕ್ರದ ಬೋಲ್ಟ್ ಅಳತೆ ಗಾಡಿಯದ್ದೇ ಆಗಿದ್ದರೆ ಒಂದು ಸ್ಟೆಪ್ನಿ ಎರಡಕ್ಕೂ ಸಾಕು. ಚಕ್ರಗಳ ನಡುವಿನ ಅಗಲವೂ ಹೊಂದಲಿ. ಇಲ್ಲವಾದರೆ ಮಧುಗಿರಿ ಕಡೆಯ ಬಂಡಿದಾರಿಗಳಲ್ಲಿ ಟ್ರೇಲರ್ ತನ್ನದೇ ಜಾಡು ಕೊರೆಯುತ್ತಾ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಬಂಡೆಯ ದಾರಿಗೆ ಮೂರೂ ದಿಕ್ಕಿಗೆ ತಿರುಗುವ ಕೊಂಡಿ, ಅಡ್ಡಡ್ಡ ಕಟ್ಟಿದ ಎರಡು ಸರಪಳಿ ಬೇಕೇ ಬೇಕು.

30 ಕಿಲೋಮೀಟರ್ ಓಡಿಸಿ ಟ್ರೇಲರ್ ಚಕ್ರದ ಹಬ್ (ಬೇರಿಂಗ್ ಕೂರುವ ನಡುಭಾಗ) ಮುಟ್ಟಿ ನೋಡಿ. ಕೈಯಿಡಲಾಗದಷ್ಟು ಕಾದಿದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಗ್ರೀಸ್ ಒಣಗಿದೆ. ಕಾದ ಹಬ್ಬನ್ನು ಹಳ್ಳದ ನೀರಿಗಿಳಿಸಬೇಡಿ: ಒಳಗಿನ ಗಾಳಿ ತಣಿದು ಕುಗ್ಗಿ, ಸೀಲ್ ಸಂದಿನಿಂದ ನೀರನ್ನು ಒಳಗೆಳೆಯುತ್ತದೆ.